ಅವ್ವನ ಪಾಣಿ ಯಾರ ಪೆಟ್ಟಿಗೇಲಿತ್ತು?

ಹೋದ ಆಷಾಢದಲ್ಲಿ ನಮ್ಮವ್ವ ಪಿರಿಯಾಪಟ್ಟಣದ ಕಡೆಯಿಂದ ಬಸ್ಸತ್ತಿ ಹುಣಸೂರಿಗೆ ಬಂದ್ಲು. ಬಂದವಳೇ ಜಗಲಿ ಮೇಲೆ ಕೂತು, ಕಾಪಿನೂ ಮುಟ್ಟದೆ, ಸೆರಗಿನ ಗಂಟು ಬಿಚ್ಚಿ ಮಡಚಿದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಲು. ಪೌತಿ ಖಾತೆಗೆ ಏನೇನು ಕಾಗ್ದ ಬೇಕು ಅಂತ ಯಾರೋ ಬರ್ಕೊಟ್ಟಿದ್ರು. ಅಪ್ಪ ತೀರ್ಕೊಂಡು ಎರಡು ವರ್ಷ ಆಗಿತ್ತು. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇತ್ತು.

"ಎಲ್ಲಾ ಕಾಗ್ದಾನೂ ನಿನ್ ತಮ್ಮ ಆವತ್ತೇ ಕಂಪ್ಯೂಟರ್‌ಗೆ ಹಾಕ್ಸಿದ್ನಲ್ಲವ್ವ, ಈಗ ಇಲ್ಲ ಅಂತಾವ್ರೆ" ಅಂದ್ಲು.

ಆಗಿದ್ದು ಇಷ್ಟು. ಮರಣ ಪತ್ರ, ವಂಶವೃಕ್ಷ, ಅಪ್ಪನ ಹಳೇ ಕಾಗ್ದಗಳು, ಎಲ್ಲಾನೂ ತಮ್ಮ ಒಂದು ಸೈಬರ್ ಅಂಗಡೀಲಿ ಸ್ಕ್ಯಾನ್ ಮಾಡ್ಸಿದ್ದ. ಅಂಗಡಿ ಹುಡುಗ ಅದನ್ನ ಅವನ ಕಂಪ್ಯೂಟರಿನ ಡೆಸ್ಕ್‌ಟಾಪಲ್ಲೇ ಇಟ್ಕೊಂಡು, ತಮ್ಮನಿಗೆ ವಾಟ್ಸಪ್ಪಲ್ಲೂ ಕಳಿಸಿದ್ದ. ಅಸಲು ಕಾಗ್ದ ಅಟ್ಟದ ಮೇಲಿತ್ತು. ಮುಂಗಾರಲ್ಲಿ ಹಂಚು ಸೋರಿ, ಆಮೇಲೆ ಗೆದ್ದಲು ಹತ್ತಿ, ಅದು ಮಣ್ಣಾಯ್ತು. ತಮ್ಮ ಫೋನ್ ಬದಲಾಯಿಸ್ದಾಗ ಹಳೇದೆಲ್ಲ ಹೋಯ್ತು. ಕೊನೇಗೆ ಆ ಅಂಗಡಿಗೆ ಹೋದ್ರೆ, "ಅಕ್ಕ, ಸಿಸ್ಟಮ್ ಹಾಳಾಗಿತ್ತು, ಫಾರ್ಮ್ಯಾಟ್ ಮಾಡ್ಸಿದ್ವಿ, ಡೆಸ್ಕ್‌ಟಾಪಲ್ಲಿದ್ದದ್ದೆಲ್ಲ ಹೋಯ್ತು" ಅಂದ.

ಅವ್ವ ಸುಮ್ನೆ ಕೇಳಿಸ್ಕೊಂಡಳು. ಆಮೇಲೆ ಒಂದೇ ಮಾತು ಕೇಳಿದ್ಲು: "ಅಲ್ಲ ಕಣವ್ವ, ನಮ್ ಕಾಗ್ದ ಅವನ ಪೆಟ್ಟಿಗೇಲಿ ಯಾಕಿತ್ತು?"

ಈ ಮಾತು ನನ್ನ ಬಿಡ್ಲಿಲ್ಲ. ಮುದ್ದೆ ತೊಳಸುವಾಗ್ಲೂ ಅದೇ, ಬಟ್ಟೆ ಒಣಗಾಕುವಾಗ್ಲೂ ಅದೇ. ಕಾಗ್ದ ಯಾರದ್ದು ಅನ್ನೋದು ಒಂದು. ಅದು ಎಲ್ಲಿರಬೇಕು, ಯಾವ ರೂಪದಲ್ಲಿರಬೇಕು, ಯಾರು ತೆಗೀಬಹುದು, ಯಾರು ತಿದ್ದಬಹುದು ಅಂತ ಹೇಳೋ ಅಧಿಕಾರ ಯಾರದ್ದು ಅನ್ನೋದು ಇನ್ನೊಂದು. ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿದ್ರೆ ನಮ್ಮ ಸೀಮೇಲಿ ಈ ಎರಡನೇ ಅಧಿಕಾರದ್ದೇ ಒಂದು ದೊಡ್ಡ ಕಥೆ ಅದೆ.

ಮೊದಲು ಕಲ್ಲು. ಎಚ್.ಡಿ.ಕೋಟೆ ಕಡೆ ಆಗ್ಲಿ, ಹುಣಸೂರು ಕಡೆ ಆಗ್ಲಿ, ಹೊಲದ ಬದೀಲೋ ಗುಡಿ ಮುಂದೋ ಅಕ್ಷರದ ಕಲ್ಲು ನಿಂತಿರೋದನ್ನ ನಾವೆಲ್ಲ ನೋಡಿದ್ದೀವಿ. ಎಷ್ಟೋ ಕಡೆ ಅದ್ರ ಮೇಲೆ ಬಟ್ಟೆ ಒಗೆದೂ ಇದ್ದೀವಿ. ಬಿ.ಎಲ್. ರೈಸ್ ಅನ್ನೋರು ಮೈಸೂರು ಸೀಮೆ ಊರೂರಿನ ಶಾಸನಗಳನ್ನ ನಕಲು ಮಾಡ್ಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಸಂಪುಟ ಸಂಪುಟವಾಗಿ ಅಚ್ಚು ಹಾಕ್ಸಿದ್ರು. 1898ರ ನಾಲ್ಕನೇ ಸಂಪುಟದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕಿನ ಶಾಸನಗಳಿವೆ. ಅವುಗಳಲ್ಲಿ ಬಹಳಷ್ಟು ದಾನದ್ದೇ: ಇಂಥ ಭೂಮಿ, ಇಂಥ ಗಡಿ, ಇಂಥವರಿಗೆ ಕೊಟ್ಟಿದ್ದು. ಇದು ಆ ಕಾಲದ ಪಾಣಿ ಅನ್ನಿ. ಪಾಣಿ ಅಂದ್ರೆ ಪಹಣಿ, ಈಗಿನ ಮಕ್ಕಳು ಆರ್‌ಟಿಸಿ ಅಂತಾವಲ್ಲ, ಅದೇ.

ಕಲ್ಲನ್ನ ಊರ ನಡುವೆ, ಎಲ್ಲಾರ ಕಣ್ಣಿಗೂ ಬೀಳೋ ಹಂಗೆ ನಿಲ್ಲಿಸ್ತಿದ್ರು. ಬೀಗ ಇಲ್ಲ. ಬೀಗದ ಬದಲು ಕೊನೇಲಿ ಒಂದು ಶಾಪ. ಇದನ್ನ ಅಳಿಸ್ದವನಿಗೆ, ಈ ದಾನ ಕೆಡಿಸ್ದವನಿಗೆ ಕಾಶೀಲಿ ಕಪಿಲೆ ಹಸು ಕೊಂದ ಪಾಪ ಬರ್ಲಿ ಅಂತ ಎಷ್ಟೋ ಶಾಸನಗಳು ಮುಗೀತವೆ. ತಾಮ್ರದ ಹಲಗೆ ಮೇಲೆ ಬರ್ದಿದ್ದಾದ್ರೆ ದಾನ ತಗೊಂಡವರ ಮನೇಲಿರೋದು. ಅಂದ್ರೆ ಒಂದು ಊರಿನ ಕಣ್ಣೆದುರು ಇರೋ ದಾಖಲೆ, ಇನ್ನೊಂದು ಮನೆ ಒಳಗಿನ ದಾಖಲೆ. ಈ ಎರಡು ಬಗೆ ಇವತ್ತಿಗೂ ಮುಗಿದಿಲ್ಲ.

ಅರಮನೆ ಲೆಕ್ಕ ಎಲ್ಲಿಡಬೇಕು ಅನ್ನೋದಕ್ಕೂ ಹಿಂದಿನೋರು ನಿಯಮ ಮಾಡಿದ್ರು. ಆ ನಿಯಮ ಸಿಕ್ಕಿದ್ದೂ ನಮ್ಮ ಮೈಸೂರಲ್ಲೇ ಅನ್ನೋದು ನನಗೆ ಬಲು ಸಂತೋಷ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಕಡೆ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದ್ಕೊಟ್ರು. ಲೈಬ್ರರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು ಓದಿ ನೋಡಿದ್ರೆ, ಕಳೆದೇ ಹೋಯ್ತು ಅಂದ್ಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯ್ತು. ಅದ್ರಲ್ಲಿ 'ಅಕ್ಷಪಟಲ' ಅಂತ ದಾಖಲೆ ಕಚೇರಿಗೇ ಒಂದು ಅಧ್ಯಾಯ ಅದೆ. ಆ ಕಚೇರಿ ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿರಬೇಕು, ಪುಸ್ತಕ ಇಡೋಕೆ ಬೇರೆ ಜಾಗ ಇರಬೇಕು ಅಂತ ಬರ್ದವನೆ. ಲೆಕ್ಕವನ್ನ ಕ್ರಮ ತಪ್ಪಿಸಿ, ಅರ್ಥ ಆಗದ ಹಂಗೆ, ಇಲ್ಲಾ ಬರ್ದಿದ್ದನ್ನೇ ಎರಡು ಸಲ ಬರೆದ್ರೆ ಹನ್ನೆರಡು ಪಣ ದಂಡ. ನನ್ನ ಫೋನ್ ನೋಡ್ಕೊಂಡೆ. ಒಂದೇ ರೇಷನ್ ಕಾರ್ಡಿನ ಫೋಟೋ ಏಳು ಸಲ ಅದೆ. ಎಂಬತ್ನಾಲ್ಕು ಪಣ ಕಟ್ಟಬೇಕಾಗಿತ್ತು ನಾನು.

ಊರ ಮಟ್ಟದಲ್ಲಿ ಲೆಕ್ಕ ಇಡ್ತಿದ್ದದ್ದು ಶಾನುಭೋಗರು. ಅವರ ಹತ್ರ ಇದ್ದದ್ದು ಕಡತ. ಈಗ ಕಡತ ಅಂದ್ರೆ ಕಚೇರಿ ಫೈಲು ಅಂತ ಆಗ್ಬುಟ್ಟದೆ. ಮೊದಲು ಅದು ಬಟ್ಟೆ. ಹತ್ತಿ ಬಟ್ಟೆ ಪಟ್ಟಿಗೆ ಎರಡೂ ಕಡೆ ಅಂಟು, ಇದ್ದಿಲು ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚಿ ಪುಸ್ತಕದ ಹಂಗೆ ಮಾಡೋರು. ಆ ಕರೀ ಬಟ್ಟೆ ಮೇಲೆ ಬಳಪದ ಕಲ್ಲಲ್ಲಿ ಬರೆಯೋರು. ಮೈಸೂರಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅನ್ನೋ ಇಂಗ್ಲಿಷ್ ಅಧಿಕಾರಿ 1810ರಲ್ಲಿ ಅಚ್ಚು ಹಾಕ್ಸಿದ ತನ್ನ ಇತಿಹಾಸ ಪುಸ್ತಕದಲ್ಲೇ ಈ ಕಡತದ ವಿವರ ಬರ್ದವನೆ. ಬರ್ದಿದ್ದನ್ನ ಒರೆಸಿ ಮತ್ತೆ ಬರೀಬಹುದು ಅನ್ನೋದನ್ನೂ ಹೇಳವನೆ.

ಇಲ್ಲೇ ನೋಡಿ ವಿಷಯ ಇರೋದು. ಕಲ್ಲು ಬದಲಾಗಲ್ಲ, ಎಲ್ಲಾರಿಗೂ ಕಾಣ್ತದೆ. ಕಡತ ಒರೆಸಿದ್ರೆ ಹೋಯ್ತದೆ, ಒಬ್ಬರ ಮನೇಲಿರ್ತದೆ. ಶಾನುಭೋಗರು ಒಳ್ಳೇರಾಗಿದ್ರೆ ಊರಿನ ಪುಣ್ಯ. ಎಷ್ಟೋ ಜನ ಹಂಗೇ ಇದ್ರು. ಮನೆಮನೆ ಜಗಳ ಬಿಡಿಸಿ, ಬಾಯಲ್ಲೇ ಸರ್ವೆ ನಂಬರ್ ಹೇಳೋರು. ಆದ್ರೂ ಒಬ್ಬ ಮನುಷ್ಯನ ಒಳ್ಳೇತನದ ಮೇಲೆ ಒಂದೂರಿನ ಜಮೀನೆಲ್ಲ ನಿಂತಿರೋದು ಅಂದ್ರೆ ಕಷ್ಟವೇ. ಅಕ್ಷರ ಬಾರದ ಹೆಂಗಸರಿಗಂತೂ ಇನ್ನೂ ಕಷ್ಟ. ನಮ್ಮಜ್ಜಿ ಗಂಡ ಸತ್ತ ಮೇಲೆ ತನ್ನ ಹೆಸರು ಪುಸ್ತಕಕ್ಕೆ ಸೇರದೆ ಅಂತಲೇ ನಂಬ್ಕೊಂಡು ಇಪ್ಪತ್ತು ವರ್ಷ ಕಳೆದ್ಲು. ಪುಸ್ತಕ ತೆರೆದು ತೋರಿಸಿ ಅಂತ ಕೇಳೋಕೆ ಅವಳಿಗೆ ಬಾಯೇ ಬರ್ಲಿಲ್ಲ. ಸೇರಿರ್ಲಿಲ್ಲ ಅಂತ ಗೊತ್ತಾಗಿದ್ದು ಅವಳು ಸತ್ತ ಮೇಲೆ.

ವಂಶಪಾರಂಪರ್ಯವಾಗಿ ಬರ್ತಿದ್ದ ಶಾನುಭೋಗ, ಪಟೇಲ, ತೋಟಿ, ತಳವಾರರ ಹುದ್ದೆಗಳನ್ನ 1961ರ ಕಾಯ್ದೆ ತೆಗೆದು ಹಾಕ್ತು. 1963ರಿಂದ ಅದು ಜಾರಿ. ಆಮೇಲೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಊರೋರು ಮಾತ್ರ ಅವರನ್ನೂ ಶಾನುಭೋಗ್ರು ಅಂತಲೇ ಕರೆದ್ರು. 1964ರ ಭೂಕಂದಾಯ ಕಾಯ್ದೆ ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಕಡೆ ಬರೆಯೋ ಪಾಣಿಯನ್ನ ಗಟ್ಟಿ ಮಾಡ್ತು. ಕಾಗ್ದ ಸರ್ಕಾರದ್ದೇ ಆಯ್ತು. ಆದ್ರೆ ಪುಸ್ತಕ ಇದ್ದದ್ದು ಆ ಲೆಕ್ಕಿಗರ ಕೈಚೀಲದಲ್ಲಿ. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಅವರು ಆ ಊರಿಗೆ ಹೋಗಿದ್ರೆ ಈ ಊರಿಗೆ ಪಾಣಿ ಇಲ್ಲ. ಬ್ಯಾಂಕು ಸಾಲಕ್ಕೋ, ತಂಬಾಕಿನ ಬ್ಯಾರನ್ ವ್ಯವಹಾರಕ್ಕೋ ಪಾಣಿ ಬೇಕಾದ್ರೆ ಅಪ್ಪ ಬೆಳಗ್ಗೆ ತಂಗಳು ಉಂಡು ಹೊರಟ್ರೆ ಸಂಜೆ ಬರಿಗೈಲಿ ಬರೋರು. ಇದು ನಾನೇ ಕಂಡಿದ್ದು.

ಆಮೇಲೆ 'ಭೂಮಿ' ಬಂತು. ಕಂದಾಯ ಇಲಾಖೆ, ಎನ್‌ಐಸಿ ಸೇರ್ಕೊಂಡು ಮಾಡಿದ ಕೆಲಸ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳು. 2002ರ ಹೊತ್ತಿಗೆ 170ಕ್ಕೂ ಹೆಚ್ಚು ತಾಲ್ಲೂಕಿನ ಸುಮಾರು 2 ಕೋಟಿ ಪಾಣಿ, 67 ಲಕ್ಷ ರೈತರದ್ದು, ಕೈಬರಹದಿಂದ ಕಂಪ್ಯೂಟರ್‌ಗೆ ಹೋಯ್ತು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಕೋಟೆ, ನಾಲ್ಕೂ ಅದ್ರಲ್ಲಿ ಸೇರಿದ್ವು. ತಾಲ್ಲೂಕು ಕಚೇರಿ ಕಿಟಕೀಲಿ 15 ರೂಪಾಯಿ ಕೊಟ್ರೆ ಅಚ್ಚಾದ ಪಾಣಿ ಕೈಗೆ ಬರೋದು. ಜನಕ್ಕೆ ಕಂಡಿದ್ದು ಇಷ್ಟು.

ಕಾಣದ ಭಾಗವೇ ನನಗೆ ದೊಡ್ಡದು ಅನ್ಸೋದು. ಮೊದಲನೇದು: ಒಂದು ತಾಲ್ಲೂಕಲ್ಲಿ ಕಂಪ್ಯೂಟರ್ ಪಾಣಿ ಶುರುವಾದ ಮೇಲೆ ಕೈಬರಹದ ಪಾಣಿ ನಡೆಯಲ್ಲ ಅಂದ್ಬುಟ್ರು. ಎರಡು ಕಡೆ ಎರಡು ಪುಸ್ತಕ ಇದ್ರೆ ಯಾವುದು ನಿಜ ಅಂತ ಜಗಳ ತಪ್ಪಲ್ಲ. ಅಸಲು ಒಂದೇ ಕಡೆ ಇರಬೇಕು ಅಂತ ಖಡಾಖಂಡಿತ ಮಾಡಿದ್ರು. ಎರಡನೇದು: ಅದನ್ನ ತಿದ್ದೋಕೆ ಕೂರೋ ನೌಕರರು ಬೆರಳಿಟ್ಟೇ ಕಂಪ್ಯೂಟರ್ ತೆಗೀಬೇಕು. ಗುಪ್ತ ಪದ ಒಬ್ಬರಿಂದ ಒಬ್ಬರಿಗೆ ಹೇಳ್ಬಹುದು, ಬೆರಳು ಕೊಡೋಕಾಗಲ್ಲವಲ್ಲ. ನಮ್ಮಜ್ಜೀರನ್ನ ಹೆಬ್ಬೆಟ್ಟು ಅಂತ ಆಡ್ಕೊಳ್ತಿದ್ರು. ಈಗ ಓದಿದೋರೂ ಬೆರಳು ಒತ್ತದೆ ಕಡತ ತೆಗೆಯಂಗಿಲ್ಲ! ಯಾರು ಯಾವಾಗ ತಿದ್ದಿದ್ರು ಅನ್ನೋದೂ ಉಳೀತದೆ. ಮೂರನೇದು: ಖಾತೆ ಬದಲಾವಣೆ ಅರ್ಜಿಗಳನ್ನ ಬಂದ ಸಾಲಲ್ಲೇ ನೋಡಬೇಕು. ಹಿಂದಿನದನ್ನ ಬಿಟ್ಟು ಬೇಕಾದವರದ್ದನ್ನ ಮುಂದಕ್ಕೆ ಎಳೆಯೋಕೆ ಕಂಪ್ಯೂಟರ್ ಬಿಡಲ್ಲ. ಕ್ರಮ ತಪ್ಪಿಸಿ ಬರೆದ್ರೆ ದಂಡ ಅಂದ ಕೌಟಿಲ್ಯ ಇದನ್ನ ನೋಡಿದ್ರೆ ತಲೆದೂಗ್ತಿದ್ದ. ನಾಲ್ಕನೇದು: ಆದೇಶದಂಥ ಕಾಗ್ದವನ್ನ ಸ್ಕ್ಯಾನ್ ಮಾಡಿ ಜೊತೇಲೇ ಇಡಬೇಕು. ನಾನು ನೋಟೀಸ್ ಕೊಟ್ಟೇ ಇಲ್ಲ ಅನ್ನೋಕೆ ಆಗಲ್ಲ, ಕೊಟ್ಟೆ ಅಂತ ಸುಳ್ಳು ಹೇಳೋಕೂ ಆಗಲ್ಲ.

ಇದರಿಂದ ಎಲ್ಲಾ ಬಂಗಾರವಾಯ್ತು ಅಂತ ನಾನು ಹೇಳಲ್ಲ. ಹಳೇ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರ್‌ಗೂ ಹಂಗೇ ಹೋಯ್ತು. ಕೆಂಪಮ್ಮ ಅನ್ನೋ ಹೆಸರು ಕೆಂಪಣ್ಣ ಆಗಿ ಕೂತ್ರೆ ತಿದ್ದಿಸೋಕೆ ಮತ್ತೆ ಅರ್ಜಿ, ಮತ್ತೆ ಅಲೆದಾಟ. ಮೊದಲು ತಪ್ಪನ್ನ ಊರಲ್ಲೇ ಒಬ್ಬರಿಗೆ ಹೇಳ್ಬಹುದಿತ್ತು. ಈಗ ತಾಲ್ಲೂಕಿಗೆ ಹೋಗಬೇಕು. ಹೆಂಗಸು ಒಂದು ದಿನದ ಕೂಲಿ ಬಿಟ್ಟು ಹೋಗೋದು ಅಂದ್ರೆ ಸುಮ್ನೆ ಅಲ್ಲ. 2012ರಿಂದ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಶುರುವಾಗಿ ವಸಿ ಹತ್ರ ಆಯ್ತು. ಮೊದಲು ಆಯಾ ತಾಲ್ಲೂಕಿನ ಕಂಪ್ಯೂಟರಲ್ಲಿದ್ದ ಪಾಣಿ ಆಮೇಲೆ ಬೆಂಗಳೂರಿನ ಡೇಟಾ ಸೆಂಟರ್‌ಗೆ ಹೋಯ್ತು. ಅದಕ್ಕೇ ಕೋಟೆಯಿಂದ ಸರಗೂರು, ಕೆ.ಆರ್.ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕಾದ್ರೂ ಸಾಲಿಗ್ರಾಮದಲ್ಲಿರೋ ನನ್ನ ತಂಗಿ ಮನೇಲೇ ಕೂತು ಫೋನಲ್ಲಿ ಪಾಣಿ ನೋಡ್ತಾಳೆ. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನ ಹಳೇ ಕಟ್ಟುಗಳನ್ನ ಸ್ಕ್ಯಾನ್ ಮಾಡೋ 'ಭೂ ಸುರಕ್ಷಾ' ಕೆಲಸ 2024ರಲ್ಲಿ ಶುರುವಾಯ್ತು.

ಇದ್ರ ಜೊತೆಗೇ ಕಾನೂನೂ ಬದಲಾಯ್ತು. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ನಮ್ಮ ರಾಜ್ಯದಲ್ಲಿ 1994ರಿಂದ, ಆವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಬಂತು. 2005ರಲ್ಲಿ ದೇಶಕ್ಕೆಲ್ಲ ಆಯ್ತು, ಮದುವೆಯಾದವರಿಗೂ. ಹಕ್ಕು ಬಂದ್ರೂ ಹಕ್ಕಿನ ಕಾಗ್ದ ಎಲ್ಲದೆ ಅಂತ ಗೊತ್ತಿಲ್ಲದಿದ್ರೆ ಏನು ಬಂತು? ಪೆಟ್ಟಿಗೆ ಬೀಗದ ಕೈ ಯಾರ ಸೊಂಟದಲ್ಲಿರ್ತದೋ ಅವರದ್ದೇ ಮನೆ ಅಂತ ನಮ್ಮತ್ತೆ ಹೇಳೋರು.

ಈಗ ನಮ್ಮನೆ ವಿಷಯಕ್ಕೆ ಬತ್ತೀನಿ. ಸರ್ಕಾರ ಇಷ್ಟೆಲ್ಲಾ ಯೋಚನೆ ಮಾಡಿ ಜಾಗ, ರೂಪ, ಬೀಗ ಗೊತ್ತು ಮಾಡ್ತು. ನಾವು? ಅಂಗಡಿ ಹುಡುಗ ಎಲ್ಲಿ ಒತ್ತಿದನೋ ಅಲ್ಲಿ. ಪಿಯುಸಿ ಓದೋ ಮಗಳು ನನ್ನ ಕೂರಿಸ್ಕೊಂಡು ಹೇಳ್ಕೊಟ್ಟಳು. ಕಂಪ್ಯೂಟರಲ್ಲಿ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಅಂತ ಕಾಣೋದು ಸಾಮಾನ್ಯವಾಗಿ ಸಿ ಡ್ರೈವ್ ಒಳಗೇ ಇರ್ತದಂತೆ. ಫಾರ್ಮ್ಯಾಟ್ ಮಾಡೋರು ಮೊದಲು ಒರೆಸೋದೇ ಆ ಸಿ ಡ್ರೈವನ್ನ. ಕರೀ ಕಡತಕ್ಕೆ ಒದ್ದೆ ಬಟ್ಟೆ ಒತ್ತಿದ ಹಂಗೆ. ಎಲ್ಲಿ ಇಡಬೇಕು ಅಂತ ನಾವು ಹೇಳ್ದಿದ್ರೆ ಅದು ತಾನೇ ಒಂದು ಜಾಗ ಹುಡುಕ್ಕೊಂಡು ಕೂತ್ಕೊಳ್ತದೆ.

ರೂಪದ್ದೂ ಹಂಗೇ. ಆ ಹುಡುಗ ಟೈಪ್ ಮಾಡ್ಕೊಟ್ಟ ಅರ್ಜಿ ಒಂದೇ ತಮ್ಮನ ಈಮೇಲಲ್ಲಿ ಉಳ್ಕೊಂಡಿತ್ತು. ನಮ್ಮ ಕಂಪ್ಯೂಟರಲ್ಲಿ ತೆಗೆದ್ರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದ ಹಂಗೆ ಏನೇನೋ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ವರ್ಡ್ ಫೈಲು ಅದು. ಆ ಫಾಂಟು ಇಲ್ಲದ ಕಂಪ್ಯೂಟರಲ್ಲಿ ಓದೋಕಾಗಲ್ಲ. ಅದನ್ನೇ ಪಿಡಿಎಫ್ ಮಾಡಿ ಕೊಟ್ಟಿದ್ರೆ ಅಕ್ಷರದ ರೂಪವೂ ಒಳಗೇ ಸೇರಿ ಎಲ್ಲಿ ತೆಗೆದ್ರೂ ಕಾಣ್ತಿತ್ತು. ಯೂನಿಕೋಡಲ್ಲಿ ಟೈಪ್ ಮಾಡಿದ್ರೆ ಇನ್ನೂ ಒಳ್ಳೇದು. ಇದ್ದೂ ಓದೋಕಾಗ್ದಿದ್ರೆ ಕಳೆದುಹೋದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಅವ್ವನ ಕಾಗ್ದಗಳನ್ನ ಮತ್ತೆ ಒಂದೊಂದಾಗಿ ಮಾಡ್ಸಿದ್ವಿ. ಮರಣ ಪತ್ರದ ಇನ್ನೊಂದು ಪ್ರತಿ, ಹೊಸ ವಂಶವೃಕ್ಷ. ಐದು ಸಲ ಓಡಾಟ, ತಮ್ಮನ ಕೂಲಿ, ನನ್ನ ಬಸ್ ಚಾರ್ಜು. ಈ ಸಲ ಮಾತ್ರ ನಾವೇ ನಿಯಮ ಮಾಡ್ಕೊಂಡ್ವಿ. ಗೋಡೆಗೆ ಅಂಟಿಸಿದ್ದೀವಿ, ನಿಮಗೂ ಹೇಳ್ತೀನಿ.

ಮನೆ ಕಾಗ್ದಕ್ಕೆಲ್ಲ ಒಂದೇ ಫೋಲ್ಡರ್, ಅದ್ರೊಳಗೆ ನಾಲ್ಕೇ ಕೋಣೆ: ಜಮೀನು, ಜನನ-ಮರಣ, ಬ್ಯಾಂಕು, ಓದು. ಮದುವೆ ಫೋಟೋ, ರೀಲ್ಸು ಅಲ್ಲಿಗೆ ಕಾಲಿಡಂಗಿಲ್ಲ. ಅಕ್ಕಿ ಡಬ್ಬದಲ್ಲಿ ಉಪ್ಪು ಸುರಿಯಲ್ಲ ತಾನೇ? ಕಾಗ್ದ ಅಂದ್ರೆ ಪಿಡಿಎಫ್ ಮಾತ್ರ. ಫೈಲಿಗೆ ಹೆಸರು ಇಡಬೇಕು: ಏನು, ಯಾರದ್ದು, ಯಾವ ವರ್ಷದ್ದು. ವಾಟ್ಸಪ್ಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತಲೇ ಕಳಿಸಬೇಕು. ಫೋಟೋ ಅಂತ ಕಳಿಸಿದ್ರೆ ಕುಗ್ಗಿಸ್ಬುಡ್ತದೆ, ಸಣ್ಣಕ್ಷರ ಮಸುಕಾಗ್ತದೆ. ಸೈಬರ್ ಅಂಗಡೀಲಿ ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್‌ಗೆ ಹಾಕ್ಸಿ, ಅಲ್ಲಿದ್ದದ್ದನ್ನ ಕಣ್ಣೆದುರೇ ಅಳಿಸಬೇಕು. ರೀಸೈಕಲ್ ಬಿನ್ ಅನ್ನೋ ಕಸದ ಬುಟ್ಟಿಯಿಂದ್ಲೂ.

ಒಂದೇ ಕಡೆ ಇಡಂಗಿಲ್ಲ. ಕಂಪ್ಯೂಟರಿನ ಡಿ ಡ್ರೈವಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು, ಡಿಜಿಲಾಕರಲ್ಲಿ ಒಂದು. ಡಿಜಿಲಾಕರ್ 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಅದಕ್ಕೂ ಕಟ್ಟುನಿಟ್ಟು ಅದೆ: ನಾವು ಹಾಕೋದು ಪಿಡಿಎಫ್, ಜೆಪೆಗ್, ಪಿಎನ್‌ಜಿ ಮಾತ್ರ ಆಗಿರಬೇಕು, ಒಂದೊಂದು 10 ಎಂಬಿ ದಾಟಂಗಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ತಿಳೀತು, ಬಾಗಿಲಲ್ಲಿ ನಿಂತು ಇಂಥದ್ದು ಬರ್ಲಿ, ಇಂಥದ್ದು ಬೇಡ ಅನ್ನೋರು ಇದ್ರೇನೇ ಒಳಗೆ ಹುಡುಕಿದ್ದು ಸಿಗೋದು.

ಕೊನೇ ನಿಯಮಕ್ಕೆ ಮನೇಲಿ ವಸಿ ಮಾತಾಯ್ತು. ಗುಪ್ತ ಪದ ಮನೆ ಹೆಂಗಸರಲ್ಲಿ ಒಬ್ಬರಿಗಾದ್ರೂ ಗೊತ್ತಿರಬೇಕು ಅಂದೆ. "ನಿಮಗ್ಯಾಕೆ ಅದೆಲ್ಲ, ನಾನಿಲ್ವಾ" ಅಂದ ತಮ್ಮ. ಅವ್ವ ಅವನ ಕಡೆ ತಿರುಗಿ, "ನಿಮ್ಮಪ್ಪನೂ ಹಂಗೇ ಅಂತಿದ್ದ ಕಣ್ಲಾ" ಅಂದ್ಲು. ಅವನು ಆಮೇಲೆ ಏನೂ ಅನ್ಲಿಲ್ಲ. ಗುಪ್ತ ಪದ ಈಗ ನಾದಿನಿಗೂ ಗೊತ್ತು, ನನಗೂ ಗೊತ್ತು.

ಕಾರ್ತೀಕದಲ್ಲಿ ಪಾಣಿ ಬಂತು. ಅಪ್ಪನ ಹೆಸರಿದ್ದ ಜಾಗದಲ್ಲಿ ಅವ್ವನ ಹೆಸರು, ಜೊತೆಗೆ ನಮ್ಮೆಲ್ಲರದ್ದೂ. ಮಗಳು ಓದಿ ಹೇಳಿದ್ಲು. ಅವ್ವ ತನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದು ಈಗ ಎಲ್ಲದೆ?" ಅಂತ ಕೇಳಿದ್ಲು. ಬೆಂಗಳೂರಲ್ಲಿ ಅಜ್ಜಿ, ದೊಡ್ಡ ಕಂಪ್ಯೂಟರಲ್ಲಿ, ನಮ್ಮನೇಲೂ ಮೂರು ಕಡೆ ಅದೆ ಅಂದ್ಲು ಮಗಳು.

"ಸರಿ, ಅಲ್ಲೆಲ್ಲ ಇರ್ಲಿ, ನಂಗೊಂದು ಕೊಡು" ಅಂತ ಒಂದು ಪ್ರತಿ ಇಸ್ಕೊಂಡು, ಪ್ಲಾಸ್ಟಿಕ್ ಕವರಿಗೆ ಹಾಕಿ, ಟ್ರಂಕಲ್ಲಿ ಧಾರೆ ಸೀರೆ ಮಡಿಕೆ ಒಳಗೆ ಇಟ್ಕೊಂಡಳು. ಬೀಗದ ಕೈ ಅವಳ ಸೊಂಟದಲ್ಲೇ ಅದೆ.

ಅಕ್ಕಯ್ಯಾರೆ, ತಂಗ್ಯಾರೆ, ನಿಮ್ಮನೆ ಕಾಗ್ದ ಎಲ್ಲಿವೆ ಅಂತ ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಂದ್ಸಲ ಕೇಳ್ಕಳಿ. "ಅವರ ಫೋನಲ್ಲಿರಬೇಕು" ಅನ್ನೋ ಉತ್ತರ ಬಂದ್ರೆ ಅದನ್ನ ಅಲ್ಲಿಗೇ ಬಿಡಬೇಡಿ. ಯಾವ ಫೋನು, ಯಾವ ಫೋಲ್ಡರು, ಏನಂತ ಹೆಸರಿಟ್ಟವ್ರೆ, ಎಲ್ಲಾನೂ ಕೇಳಿ. ಕೇಳೋಕೆ ನಮ್ಮಜ್ಜಿಗೆ ಬಾಯಿ ಬರ್ಲಿಲ್ಲ, ನಮಗೆ ಬಂದದೆ.